ಚಿಪ್ಪು ಕೂಡಿಸುವುದು ವೈದ್ಯರ ಕೆಲಸ, ಮಂಡಿ ಬಗ್ಗಿಸುವುದು ನಮ್ಮ ಕೆಲಸ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು 2005ರಲ್ಲಿ ಇದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಎಂದರು. "ಕಂಪ್ಯೂಟರ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಂಡಿ ಚಿಪ್ಪಿನ ಬಗ್ಗೆ ಮಾತಾಡುತ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನಕ್ಕು, "ಆಯ್ತು, ನಿನ್ನ ಇಷ್ಟ" ಎಂದರು. ಅವರ ಉಪಕಾರ.

ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಮಂಡಿ ಚಿಪ್ಪು ಮುರಿದಿದೆ. ಒಬ್ಬರು ನನ್ನ ಸೋದರತ್ತೆ, ಇನ್ನೊಬ್ಬ ನಾನು. ಇಬ್ಬರಿಗೂ ಮುರಿದದ್ದು ಒಂದೇ ರೀತಿ, ಮಾಡಿದ ಶಸ್ತ್ರಚಿಕಿತ್ಸೆಯೂ ಒಂದೇ. ಎರಡೂ ಆಪರೇಷನ್ ಚೆನ್ನಾಗಿಯೇ ಆದವು, ಮೂಳೆ ಚೆನ್ನಾಗಿಯೇ ಕೂಡಿತು. ಆದರೆ ನಾನು ಇವತ್ತು ಮಧ್ಯಾಹ್ನ ನಿಮ್ಮೆಲ್ಲರ ಜೊತೆ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಊಟ ಮಾಡಿದೆ. ಅತ್ತೆ ಇಪ್ಪತ್ತು ವರ್ಷದಿಂದ ಕುರ್ಚಿಯ ಮೇಲೆ ಕಾಲು ಚಾಚಿಕೊಂಡೇ ಊಟ ಮಾಡುತ್ತಿದ್ದಾರೆ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ನನ್ನ ಇವತ್ತಿನ ಮಾತು. ಅತ್ತೆ ಮುಂದಿನ ಸಾಲಿನಲ್ಲೇ ಇದ್ದಾರೆ. ಅವರನ್ನು ಕೇಳಿ, ಅವರು "ಹೇಳು, ನಾಲ್ಕು ಜನಕ್ಕೆ ಗೊತ್ತಾಗಲಿ" ಎಂದ ಮೇಲೆಯೇ ಹೇಳುತ್ತಿದ್ದೇನೆ. ನಾನು ವೈದ್ಯನಲ್ಲ. ನನ್ನ ಕಾಲಿನ ಸಲುವಾಗಿ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಎಂಜಿನಿಯರಿಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ.

ಮೊದಲು ಈ ಚಿಪ್ಪು ಏನು ಕೆಲಸ ಮಾಡುತ್ತದೆ ನೋಡೋಣ. ಮಕ್ಕಳೇ, ಕಾಲು ಚಾಚಿ ಸಡಿಲ ಬಿಟ್ಟು ಮಂಡಿಯ ಮೇಲೆ ಕೈಯಿಡಿ. ಚಿಪ್ಪು ಅತ್ತಿತ್ತ ಅಲುಗಾಡುತ್ತದೆ. ಈಗ ತೊಡೆಯನ್ನು ಬಿಗಿ ಮಾಡಿ. ಚಿಪ್ಪು ಮೇಲಕ್ಕೆ ಸರಿದು ಗಟ್ಟಿಯಾಗಿ ನಿಲ್ಲುತ್ತದೆ. ಯಾಕೆಂದರೆ ಅದು ಬೇರೆ ಮೂಳೆಗಳ ಹಾಗೆ ಕೀಲಿಗೆ ಸಿಕ್ಕಿಸಿಕೊಂಡು ನಿಂತಿಲ್ಲ. ತೊಡೆಯ ಮುಂಭಾಗದ ನಾಲ್ಕು ದೊಡ್ಡ ಸ್ನಾಯುಗಳು ಮಂಡಿಯ ಹತ್ತಿರ ಒಂದೇ ಗಟ್ಟಿ ಹಗ್ಗದ ಹಾಗೆ ಸೇರಿ, ಮಂಡಿಯನ್ನು ದಾಟಿ, ಕೆಳಗಿನ ಮೊಣಕಾಲಿನ ಮೂಳೆಗೆ ಅಂಟಿಕೊಂಡಿವೆ. ಆ ಹಗ್ಗದ ನಡುವೆ ಕೂತಿರುವುದೇ ಚಿಪ್ಪು. ನಮ್ಮ ದೇಹದಲ್ಲಿ ಸ್ನಾಯುವಿನ ಹಗ್ಗದೊಳಗೆ ಬೆಳೆಯುವ ಮೂಳೆಗಳಲ್ಲಿ ಇದೇ ದೊಡ್ಡದು. ಹುಟ್ಟಿದ ಮಗುವಿಗೆ ಅದು ಮೂಳೆಯಾಗಿರುವುದಿಲ್ಲ, ಕಿವಿಯ ಹಾಲೆಯ ಒಳಗಿರುವಂಥ ಮೃದ್ವಸ್ಥಿಯಾಗಿರುತ್ತದೆ. ಸುಮಾರು ಮೂರರಿಂದ ಆರು ವರ್ಷದೊಳಗೆ ಮೂಳೆಯಾಗಲು ತೊಡಗುತ್ತದೆ.

ಬಾವಿಯ ಗಡಗಡೆಯನ್ನು ನೆನಪಿಸಿಕೊಳ್ಳಿ. ಗಡಗಡೆ ಇಲ್ಲದೆ ಕಲ್ಲಿನ ಅಂಚಿನ ಮೇಲೆ ಹಗ್ಗ ಹಾಕಿ ಕೊಡ ಎಳೆದರೆ ರಟ್ಟೆ ನೋಯುತ್ತದೆ, ಹಗ್ಗವೂ ಸವೆಯುತ್ತದೆ. ಚಿಪ್ಪು ಮಂಡಿಗೆ ಗಡಗಡೆ ಇದ್ದ ಹಾಗೆ. ಹಗ್ಗವನ್ನು ಕೀಲಿನಿಂದ ಸ್ವಲ್ಪ ಮುಂದಕ್ಕೆ ಎತ್ತಿ ಹಿಡಿಯುವುದರಿಂದ ತೊಡೆಗೆ ಕಡಿಮೆ ಬಲದಲ್ಲಿ ಹೆಚ್ಚು ಕೆಲಸವಾಗುತ್ತದೆ. ಅದರ ಮೇಲೆ ಬೀಳುವ ಭಾರವೂ ಸಣ್ಣದಲ್ಲ. ಮೆಟ್ಟಿಲು ಹತ್ತುವಾಗ ನಮ್ಮ ಮೈತೂಕದ ಸುಮಾರು ಮೂರು ಪಟ್ಟು, ಕುಕ್ಕರುಗಾಲಿನಲ್ಲಿ ಪೂರ್ತಿ ಕೂತು ಏಳುವಾಗ ಸುಮಾರು ಏಳು ಪಟ್ಟು ಒತ್ತಡ ಚಿಪ್ಪಿನ ಹಿಂದೆ ಬೀಳುತ್ತದೆ. ಕಳೆ ಕೀಳುವ ನಮ್ಮ ತಾಯಂದಿರು ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾರೆ, ನೀವೇ ಲೆಕ್ಕ ಹಾಕಿ.

ಇಂಥ ಚಿಪ್ಪು ಮುರಿಯುವುದು ಮುಖ್ಯವಾಗಿ ಎರಡು ರೀತಿ. ಮಂಡಿಯೂರಿ ಕಲ್ಲಿನ ಮೇಲೆ ನೇರ ಬಿದ್ದರೆ, ಅಥವಾ ಬೈಕ್ ಅಪಘಾತದಲ್ಲಿ ಮಂಡಿ ಎದುರಿಗೆ ಗುದ್ದಿಕೊಂಡರೆ ಚಿಪ್ಪು ಹಲವು ಚೂರಾಗಬಹುದು. ಇನ್ನೊಂದು, ಕಾಲು ಜಾರಿದಾಗ ಬೀಳದಿರಲು ತೊಡೆ ಫಕ್ಕನೆ ಬಿಗಿಯುತ್ತದಲ್ಲ, ಆ ಎಳೆತಕ್ಕೇ ಚಿಪ್ಪು ಅಡ್ಡಲಾಗಿ ಎರಡು ಹೋಳಾಗಬಹುದು. ಒಟ್ಟು ಮೂಳೆ ಮುರಿತಗಳಲ್ಲಿ ಮಂಡಿ ಚಿಪ್ಪಿನದು ನೂರಕ್ಕೆ ಒಂದರಷ್ಟು ಮಾತ್ರ. ಹಾಗಾಗಿ ಕೈ ಮುರಿದಾಗ ಏನು ಮಾಡಬೇಕೆಂದು ಗೊತ್ತಿರುವವರಿಗೂ ಇದರ ಬಗ್ಗೆ ಗೊತ್ತಿರುವುದಿಲ್ಲ.

ನನ್ನ ಕಥೆ ಇಲ್ಲಿ ತುಂಬ ಜನಕ್ಕೆ ಗೊತ್ತು. ಮೂರು ವರ್ಷದ ಹಿಂದೆ ಗಣಪತಿ ಬಿಡುವ ದಿನ ಕೆರೆಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಲಮಂಡಿ ಊರಿ ಬಿದ್ದೆ. ಒಣಗಿದ ತೆಂಗಿನ ಚಿಪ್ಪು ಒಡೆದ ಹಾಗೆ ಶಬ್ದ ನನಗೇ ಕೇಳಿಸಿತು. ಏಳಲು ಹೋದರೆ ಕಾಲು ನನ್ನದಲ್ಲವೇನೋ ಎನ್ನುವಂತಾಯಿತು. ಸುತ್ತ ಸೇರಿದವರಲ್ಲಿ ಎರಡು ಗುಂಪಾಯಿತು. "ಎಣ್ಣೆ ಹಾಕಿ ನೀವಿ, ಕಟ್ಟು ಹಾಕಿಸೋಣ, ಒಳ್ಳೆಯ ನಾಟಿ ವೈದ್ಯರು ಪಕ್ಕದ ಊರಲ್ಲೇ ಇದ್ದಾರೆ" ಎಂದು ಒಂದು ಗುಂಪು. "ಆಸ್ಪತ್ರೆಗೆ ಹೊರಡಿ" ಎಂದು ಇನ್ನೊಂದು. ಆಗ ಅಲ್ಲಿಗೆ ಬಂದವರು ಈಗ ವೇದಿಕೆಯ ಮೇಲಿರುವ ನಮ್ಮ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಯಾರ ಮಾತಿಗೂ ಉತ್ತರ ಕೊಡದೆ ನನ್ನ ಪಕ್ಕ ಕುಳಿತು, "ಕಾಲು ನೇರ ಇಟ್ಟುಕೊಂಡು ಹಿಮ್ಮಡಿ ಮೇಲೆತ್ತು" ಎಂದರು. ಎತ್ತಲು ಆಗಲಿಲ್ಲ. "ಹಾಗಾದರೆ ಹಗ್ಗ ಕಡಿದಿದೆ, ನೀವುವ ಮಾತೇ ಬೇಡ" ಎಂದು ಒಂದು ದೊಡ್ಡ ಛತ್ರಿಯನ್ನು ಕಾಲಿನ ಹಿಂದೆ ಉದ್ದಕ್ಕೆ ಇಟ್ಟು, ಮಂಡಿಯನ್ನು ಬಿಟ್ಟು ಮೇಲೆ ಎರಡು, ಕೆಳಗೆ ಎರಡು ಟವೆಲ್ ಕಟ್ಟಿಸಿದರು. ಬಟ್ಟೆಯಲ್ಲಿ ಐಸ್ ಸುತ್ತಿ ಇಡಿಸಿದರು. ಆಪರೇಷನ್ ಬೇಕಾಗಬಹುದೆಂದು ನೀರು, ಕಾಫಿ ಏನೂ ಕುಡಿಯಲು ಬಿಡಲಿಲ್ಲ. ನನ್ನ ತರಗತಿಯ ಗೆಳೆಯನ ಲಗೇಜ್ ಆಟೋದಲ್ಲಿ ಮಲಗಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು.

ಮೇಷ್ಟ್ರು ಮಾಡಿದ ಆ ಒಂದು ಪರೀಕ್ಷೆಯನ್ನು ಆಮೇಲೆ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಮಾಡಿದರು, ಬೆಂಗಳೂರಿನ ಮೂಳೆ ವೈದ್ಯರೂ ಮಾಡಿದರು. ಅದಕ್ಕೇ ನೀವೂ ನೆನಪಿಟ್ಟುಕೊಳ್ಳಿ. ಬಿದ್ದ ಮೇಲೆ ಮಂಡಿ ಊದಿಕೊಂಡು, ನೇರ ಕಾಲನ್ನು ಎತ್ತಲಾಗದಿದ್ದರೆ ಅದು ಬರೀ ಉಳುಕಲ್ಲ. ಮಂಡಿಯ ಮೇಲೆ ಗಾಯವಾಗಿ ರಕ್ತ ಬರುತ್ತಿದ್ದರೆ ಕೀಲಿನ ಒಳಕ್ಕೆ ಸೋಂಕು ಹೋಗುವ ಭಯ ಇರುತ್ತದೆ. ಶುದ್ಧ ಬಟ್ಟೆ ಮುಚ್ಚಿ, ಒಂದು ಗಂಟೆಯನ್ನೂ ವ್ಯರ್ಥ ಮಾಡದೆ 108ಕ್ಕೆ ಫೋನ್ ಮಾಡಿ.

ಕಟ್ಟು ಹಾಕಿಸೋಣ ಎಂದವರ ಮೇಲೆ ನನಗೆ ಬೇಸರವಿಲ್ಲ. ಕೈಯ ಮೂಳೆಗೆ ಕಟ್ಟು ಹಾಕಿಸಿಕೊಂಡು ಕೂಡಿದ್ದನ್ನು ನೋಡಿದವರು ಹೇಳಿದ ಮಾತದು. ಆದರೆ ಚಿಪ್ಪಿನ ಲೆಕ್ಕವೇ ಬೇರೆ. ಮುರಿದ ಕೈಯನ್ನು ಅಲುಗಾಡದಂತೆ ಕಟ್ಟಿದರೆ ತುದಿಗಳು ಒಂದಕ್ಕೊಂದು ಎದುರಾಗಿ ನಿಲ್ಲಬಹುದು. ಚಿಪ್ಪು ಎರಡು ಹೋಳಾದರೆ ಮೇಲಿನ ಹೋಳನ್ನು ತೊಡೆಯ ಸ್ನಾಯು ಸದಾ ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಸುತ್ತಿದರೂ ಒಳಗಿನ ಆ ಎಳೆತ ನಿಲ್ಲುವುದಿಲ್ಲ. ನನ್ನ ಎಕ್ಸ್‌ರೇಯಲ್ಲಿ ಎರಡು ಹೋಳುಗಳ ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದು ಇತ್ತು. ಹಾಗೆಂದು ಎಲ್ಲ ಮುರಿತಕ್ಕೂ ಆಪರೇಷನ್ ಬೇಕೆಂದಲ್ಲ. ಬರೀ ಬಿರುಕು ಬಿಟ್ಟಿದ್ದು, ಹೋಳು ಸರಿಯದೆ, ಕಾಲು ಎತ್ತಲು ಬರುತ್ತಿದ್ದರೆ ನಾಲ್ಕರಿಂದ ಆರು ವಾರ ಕಾಲನ್ನು ನೇರ ಇಡುವ ಪಟ್ಟಿಯಲ್ಲೇ ಗುಣವಾಗುತ್ತದೆ. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ದೂರ ಸರಿದಿದ್ದರೆ, ಅಥವಾ ಹಿಂಬದಿಯ ನುಣುಪಾದ ಮೈಯಲ್ಲಿ ಎರಡು ಮಿಲಿಮೀಟರಿನಷ್ಟು ಮೆಟ್ಟಿಲು ಬಿದ್ದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ.

ಆ ಶಸ್ತ್ರಚಿಕಿತ್ಸೆ ಹೇಗಿರುತ್ತದೆ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಮಂಡಿಯ ನಡುವೆ ಉದ್ದಕ್ಕೆ ಕೊಯ್ದು, ಹೆಪ್ಪುಗಟ್ಟಿದ ರಕ್ತ, ಮೂಳೆಯ ಪುಡಿ ತೊಳೆದು, ಹೋಳುಗಳನ್ನು ಇಕ್ಕಳದಲ್ಲಿ ಜೋಡಿಸಿ ಹಿಡಿಯುತ್ತಾರೆ. ಎರಡು ಗಟ್ಟಿ ಸರಳುಗಳನ್ನು ಮೇಲಿನಿಂದ ಕೆಳಕ್ಕೆ ಸಮಾನಾಂತರವಾಗಿ ತೂರಿಸಿ, ಆ ಸರಳುಗಳ ತುದಿಗೆ ಸಿಕ್ಕಿಸಿದ ಸ್ಟೀಲ್ ತಂತಿಯನ್ನು ಚಿಪ್ಪಿನ ಮುಂಭಾಗದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ತಿರುಚಿ ಬಿಗಿಯುತ್ತಾರೆ. ಪಕ್ಕದಲ್ಲಿ ಹರಿದ ಪೊರೆಗಳನ್ನೂ ಹೊಲಿಯುತ್ತಾರೆ. ಹೋಳು ಸರಿಯಾಗಿ ಕೂತಿದೆಯೇ ಎಂದು ಎಕ್ಸ್‌ರೇ ಯಂತ್ರದಲ್ಲಿ ಅಲ್ಲೇ ನೋಡುತ್ತಾರೆ. ಮುರಿತ ನೋಡಿಕೊಂಡು ಕೆಲವರಿಗೆ ಸರಳಿನ ಬದಲು ಸ್ಕ್ರೂ, ಕೆಲವರಿಗೆ ಪ್ಲೇಟು ಹಾಕುವುದೂ ಉಂಟು.

ಈ ತಂತಿಯ ಜಾಣತನ ನನ್ನಂಥ ಎಂಜಿನಿಯರಿಗೆ ಬಹಳ ಇಷ್ಟವಾಯಿತು. ಎರಡು ಮರದ ತುಂಡುಗಳನ್ನು ತುದಿಗೆ ತುದಿ ತಾಗಿಸಿ ಇಡಿ. ಮೇಲಿನ ಮೈಗೆ ಮಾತ್ರ ಒಂದು ಗಟ್ಟಿ ಪಟ್ಟಿ ಹೊಡೆಯಿರಿ. ಈಗ ಮೇಲಿನ ಮೈ ಬಾಯಿ ಬಿಡುವ ಹಾಗೆ ಬಗ್ಗಿಸಲು ನೋಡಿ. ಮೇಲೆ ಪಟ್ಟಿ ಬಿಡುವುದಿಲ್ಲ, ಆ ಬಲವೆಲ್ಲ ಕೆಳಗಿನ ಅಂಚುಗಳನ್ನು ಒಂದಕ್ಕೊಂದು ಒತ್ತುತ್ತದೆ. ಮಂಡಿ ಬಗ್ಗಿಸಿದಾಗ ಚಿಪ್ಪಿನ ಮುಂಭಾಗ ಬಾಯಿ ಬಿಡಲು ನೋಡುತ್ತದೆ. ಅಲ್ಲಿ ತಂತಿ ಇರುವುದರಿಂದ ಹಿಂಭಾಗದ ಹೋಳುಗಳು ಇನ್ನೂ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಮುರಿಯಲು ಕಾರಣವಾದ ಎಳೆತವನ್ನೇ ಕೂಡಿಸುವ ಕೆಲಸಕ್ಕೆ ಹಚ್ಚುವ ಉಪಾಯ ಇದು. ಜರ್ಮನಿಯ ಮೂಳೆ ವೈದ್ಯ ಫ್ರೀಡ್ರಿಕ್ ಪಾವೆಲ್ಸ್ ಎಂಜಿನಿಯರಿಂಗಿನ ಈ ತತ್ವವನ್ನು ಮೂಳೆಗೆ ಅನ್ವಯಿಸಿದರು. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎ.ಓ. ಎಂಬ ವೈದ್ಯರ ಬಳಗ ಹುಟ್ಟಿ, ಇಂಥ ವಿಧಾನಗಳನ್ನು ಲೋಕಕ್ಕೆಲ್ಲ ಕಲಿಸಿತು.

ಅದಕ್ಕೂ ಮೊದಲಿನ ದಾರಿ ಸುಲಭವಾಗಿರಲಿಲ್ಲ. ಮಂಡಿಯ ಕೀಲನ್ನು ಕೊಯ್ದರೆ ಕೀವಾಗಿ ಕಾಲೋ ಜೀವವೋ ಹೋಗುತ್ತದೆ ಎಂಬ ಭಯದ ಕಾಲದಲ್ಲಿ, 1877ರಲ್ಲಿ, ಲಂಡನ್ನಿನ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಸೋಂಕು ತಡೆದು, ಮುರಿದ ಚಿಪ್ಪನ್ನು ಬೆಳ್ಳಿಯ ತಂತಿಯಲ್ಲಿ ಕೂಡಿಸಿದರು. ಮತ್ತೆ 1937ರಲ್ಲಿ ಬ್ರೂಕ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಮುರಿದ ಚಿಪ್ಪನ್ನು ತೆಗೆದೇ ಬಿಡಬಹುದು ಎಂದು ಬರೆದರು. ಎಷ್ಟೋ ಜನರ ಚಿಪ್ಪನ್ನು ತೆಗೆದೂ ಬಿಟ್ಟರು. ಚಿಪ್ಪಿಲ್ಲದ ಕಾಲನ್ನು ಪೂರ್ತಿ ನೇರ ಮಾಡಲು ತೊಡೆ ಹೆಚ್ಚು ಬಲ ಹಾಕಬೇಕಾಗುತ್ತದೆ ಎಂಬುದು ಆಮೇಲಿನ ಪ್ರಯೋಗಗಳಲ್ಲಿ ಗಟ್ಟಿಯಾಯಿತು. ಅದರಿಂದ ಈಗ ವೈದ್ಯರು ಆದಷ್ಟೂ ಚಿಪ್ಪನ್ನು ಉಳಿಸಿಕೊಳ್ಳಲೇ ನೋಡುತ್ತಾರೆ.

ಇಲ್ಲಿಗೆ ವೈದ್ಯರ ಕೆಲಸ ಮುಗಿಯಿತು. ಒಂದೂವರೆ ಗಂಟೆಯ ಕೆಲಸ. ಇನ್ನು ಮುಂದಿನದು ಆರು ತಿಂಗಳ ಕೆಲಸ, ಅದು ಮನೆಯಲ್ಲಿ ನಡೆಯಬೇಕು. ಅತ್ತೆಯ ದಾರಿ, ನನ್ನ ದಾರಿ ಬೇರೆಯಾದದ್ದು ಇಲ್ಲೇ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅತ್ತೆ ನೀರು ಹೊತ್ತು ತರುವಾಗ ಕಲ್ಲುಚಪ್ಪಡಿಯ ಮೇಲೆ ಬಿದ್ದರು. ಒಂದು ಆಸ್ಪತ್ರೆಯಲ್ಲಿ ತಂತಿ ಹಾಕಿದರು. "ರೆಸ್ಟ್ ಮಾಡಿ" ಎಂದು ಹೇಳಿ ಮನೆಗೆ ಕಳಿಸಿದರು. ಆ ಒಂದು ಮಾತನ್ನು ನಮ್ಮ ಮನೆಯವರು ಶ್ರದ್ಧೆಯಿಂದ ಪಾಲಿಸಿದರು. ಅತ್ತೆ ಮಂಚ ಇಳಿಯುವಂತಿಲ್ಲ. ಊಟ, ಕಾಫಿ, ಬಿಸಿನೀರು ಎಲ್ಲ ಮಂಚಕ್ಕೇ. ನೆಂಟರು ಬಂದು, "ಕಾಲು ಅಲುಗಿಸಬೇಡಮ್ಮ, ತಂತಿ ಕಿತ್ತು ಬರುತ್ತದೆ" ಎಂದು ಹೇಳಿ ಹೋದರು. ನಂಜು ಎಂದು ಮೊಟ್ಟೆ ಬಿಡಿಸಿದರು, ಬದನೆಕಾಯಿ ಬಿಡಿಸಿದರು. ಮೂರು ತಿಂಗಳಿಗೆ ಎಕ್ಸ್‌ರೇ ತೆಗೆದರೆ ಮೂಳೆ ಚೆನ್ನಾಗಿ ಕೂಡಿತ್ತು. ಎಲ್ಲರಿಗೂ ಸಂತೋಷ. ಆದರೆ ಮಂಡಿ ಬಗ್ಗಲಿಲ್ಲ. ಕೀಲಿನ ಸುತ್ತಲಿನ ಪೊರೆ ಒಂದಕ್ಕೊಂದು ಅಂಟಿಕೊಂಡು, ತೊಡೆಯ ಸ್ನಾಯು ಬತ್ತಿ ಹೋಗಿತ್ತು. ಇವತ್ತಿಗೂ ಅವರ ಮಂಡಿ ನಲವತ್ತು ಡಿಗ್ರಿಗಿಂತ ಹೆಚ್ಚು ಬಗ್ಗುವುದಿಲ್ಲ.

ನಲವತ್ತು ಡಿಗ್ರಿ ಎಂದರೆ ಎಷ್ಟು ಎಂದು ತಿಳಿಯಬೇಕಾದರೆ ಈ ಲೆಕ್ಕ ನೋಡಿ. ಸಮನೆಲದಲ್ಲಿ ಸಲೀಸಾಗಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಬಗ್ಗಬೇಕು. ಮೆಟ್ಟಿಲು ಹತ್ತಿ ಇಳಿಯಲು ಸುಮಾರು 90. ಕುರ್ಚಿಯಿಂದ ಕೈಯೂರದೆ ಏಳಲು ಅದಕ್ಕಿಂತ ಸ್ವಲ್ಪ ಹೆಚ್ಚು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರುಗಾಲಿನಲ್ಲಿ ಕೂರಲು ಇನ್ನೂ ಬಹಳ ಬೇಕು, 120, 130 ದಾಟಬೇಕು. ಕುರ್ಚಿ, ಸೋಫಾಗಳ ಮೇಲೆಯೇ ಬದುಕುವವರಿಗೆ 100 ಡಿಗ್ರಿ ಬಂದರೆ ಸಾಕಾಗಬಹುದು. ನಮಗೆ ಸಾಲದು. ನಮ್ಮ ಊಟ, ಪೂಜೆ, ಹಾಲು ಕರೆಯುವುದು, ಕಳೆ ಕೀಳುವುದು, ಶೌಚ ಎಲ್ಲವೂ ನೆಲದ ಮೇಲೆ. ನಲವತ್ತು ಡಿಗ್ರಿಯ ಕಾಲಿಟ್ಟುಕೊಂಡು ಅತ್ತೆ ಹೊಲ ಬಿಟ್ಟರು. ಬಸ್ಸಿನಲ್ಲಿ ಕಾಲು ದಾರಿಗೆ ಅಡ್ಡ ಬರುತ್ತದೆ ಎಂದು ತವರಿಗೆ ಹೋಗುವುದನ್ನೂ ಕಡಿಮೆ ಮಾಡಿದರು.

ನನಗೆ ಆಪರೇಷನ್ ಆಗಿ ಐದನೇ ದಿನಕ್ಕೆ ಊರಿಗೆ ಬಂದೆ. ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾ ಮೂರು ತಿಂಗಳು ಇಲ್ಲೇ ಇದ್ದೆ. ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಮೇಡಂ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟಿದ್ದರು. ಮೊದಲ ದಿನದಿಂದಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ರಕ್ತ ಹೆಪ್ಪುಗಟ್ಟದಿರಲು. ತೊಡೆಯನ್ನು ಬಿಗಿ ಹಿಡಿದು ಐದು ಎಣಿಸಿ ಬಿಡುವುದು. ಉದ್ದದ ಬ್ರೇಸ್ ಹಾಕಿ, ಕಾಲು ನೇರ ಇಟ್ಟು, ವಾಕರ್ ಹಿಡಿದು ನಡೆಯುವುದು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದ ಮೇಲೆ ಬ್ರೇಸಿನ ಬೀಗವನ್ನು 30 ಡಿಗ್ರಿಗೆ ಬಿಟ್ಟರು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳುವುದು, ಹತ್ತು ಸಲ, ದಿನಕ್ಕೆ ನಾಲ್ಕು ಹೊತ್ತು. ನಾಲ್ಕನೇ ವಾರಕ್ಕೆ 60, ಆರನೇ ವಾರಕ್ಕೆ 90 ಎಂದು ಗುರಿ.

ಬರೆದುಕೊಟ್ಟದ್ದು ಸುಲಭ, ಮಾಡುವುದು ಸುಲಭವಲ್ಲ. ಎರಡು ವಾರದಲ್ಲಿ ನನ್ನ ಬಲತೊಡೆ ಟೈಲರ್ ಟೇಪಿನಲ್ಲಿ ಅಳೆದರೆ ನಾಲ್ಕು ಸೆಂಟಿಮೀಟರ್ ಸಣ್ಣದಾಗಿತ್ತು. ಬಗ್ಗಿಸಲು ಹೋದರೆ ಮಂಡಿಯ ಒಳಗೆ ತಂತಿ ಈಗಲೇ ತುಂಡಾಗುತ್ತದೇನೋ ಎಂಬಂತೆ ಬಿಗಿಯುತ್ತದೆ. ನೋವಿಗಿಂತ ಆ ಭಯ ದೊಡ್ಡದು. ಅಮ್ಮ ನನ್ನ ಮುಖ ನೋಡಿ, "ಇವತ್ತಿಗೆ ಸಾಕು ಬಿಡು" ಎನ್ನುತ್ತಿದ್ದರು. ತಾಯಿಯಾದವರು ಹಾಗೆಯೇ ಹೇಳುವುದು.

ಒಂದು ಬೆಳಿಗ್ಗೆ ಅತ್ತೆ ಬಂದರು. ನನ್ನ ಮಂಚದ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತಮ್ಮ ಕಾಲು ಚಾಚಿ ಕುಳಿತರು.

"ಬಗ್ಗಿಸು ಮಗ, ನೋಡೋಣ" ಎಂದರು.

"ನೋವಾಗ್ತದೆ ಅತ್ತೆ."

"ಆಗಲಿ. ಡಾಕ್ಟ್ರು ಎಷ್ಟು ಹೇಳವ್ರೋ ಅಷ್ಟು ಬಗ್ಗಿಸು. ನಂಗೆ ಬಗ್ಗಿಸು ಅಂತ ಯಾರೂ ಹೇಳಲೇ ಇಲ್ಲ. ಎಲ್ರೂ ನನ್ನ ಚೆನ್ನಾಗಿ ನೋಡ್ಕೊಂಡ್ರು. ಅದೇ ಆಗಿದ್ದು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅವತ್ತಿನಿಂದ ಅತ್ತೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಎದುರಿಗೆ ಕೂತು ಎಣಿಸುತ್ತಿದ್ದರು. ಹತ್ತಕ್ಕೆ ಒಂದೂ ಕಡಿಮೆ ಮಾಡಲು ಬಿಡುತ್ತಿರಲಿಲ್ಲ. ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಡಿಗ್ರಿ ಹೆಚ್ಚಿಗೂ ಬಿಡುತ್ತಿರಲಿಲ್ಲ.

ಡಿಗ್ರಿ ಅಳೆಯಲು ನಮ್ಮ ಶಾಲೆಯೇ ಸಹಾಯ ಮಾಡಿತು. ಆಸ್ಪತ್ರೆಯಲ್ಲಿ ಅದಕ್ಕೊಂದು ಸಾಧನ ಇರುತ್ತದೆ. ನಮ್ಮ ಮನೆಯಲ್ಲಿ ಎಲ್ಲಿ ಬರಬೇಕು? ತಂಗಿಯ ಮಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಗಣಿತದ ಮೇಷ್ಟ್ರನ್ನು ಕೇಳಿ ಕಪ್ಪುಹಲಗೆಯ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕವನ್ನು ಪ್ರತಿ ಭಾನುವಾರ ತರುತ್ತಿದ್ದ. ಒಂದು ಸ್ಕೇಲ್ ತೊಡೆಯ ಗೆರೆಗೆ, ಒಂದು ಮೊಣಕಾಲಿನ ಗೆರೆಗೆ ಹಿಡಿದು ಅವನೇ ಓದಿ, ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದ. ಮೂರನೇ ವಾರ 28. ನಾಲ್ಕನೇ ವಾರ 55. ಆರನೇ ವಾರ 78. ಅಲ್ಲಿಗೆ ಬಂದು ನಿಂತುಬಿಟ್ಟಿತು. ಏಳನೇ ವಾರವೂ 78. ಗಿಡ ಬೆಳೆಯುವುದು ದಿನಾ ಕಾಣುವುದಿಲ್ಲ ಎಂದು ಸಮಾಧಾನ ಹೇಳಿದವರೂ ಅತ್ತೆಯೇ. ಎಂಟನೇ ವಾರ 86 ಆಯಿತು. ಹತ್ತನೇ ವಾರಕ್ಕೆ 100. ಮೂರು ತಿಂಗಳಿಗೆ 112. ಆರು ತಿಂಗಳಿಗೆ 130. ಮುಂದೆ ಒಂದು ತಿಂಗಳಿಗೆ ಚಕ್ಕಳಮಕ್ಕಳ ಹಾಕಿ ಕುಳಿತೆ.

ಇದು ನನ್ನ ಕಾಲಿನ ಲೆಕ್ಕ. ನಿಮ್ಮದು ಬೇರೆ ಇರಬಹುದು. ಚೂರು ಚೂರಾದ ಚಿಪ್ಪಿಗೆ, ವಯಸ್ಸಾದವರ ಮೂಳೆಗೆ ವೈದ್ಯರು ನಿಧಾನವಾಗಿಯೇ ಬಿಡುತ್ತಾರೆ. ಬೇಗ ಬಗ್ಗಿಸಬೇಕು ಎಂದು ಯಾರೋ ಹಿಡಿದು ಒತ್ತಿಬಿಟ್ಟರೆ ತಂತಿ ಸಡಿಲವಾಗುತ್ತದೆ. ಆದ್ದರಿಂದ ನಮ್ಮ ಕಾಲನ್ನು ನಮ್ಮ ಬಲದಲ್ಲೇ, ವೈದ್ಯರು ಹೇಳಿದ ಡಿಗ್ರಿಯವರೆಗೆ ಮಾತ್ರ ಬಗ್ಗಿಸಬೇಕು. ಸಾಮಾನ್ಯವಾಗಿ ಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ತೊಡೆಗೆ ಮೊದಲಿನ ಬಲ ಬರಲು ಆರು ತಿಂಗಳು, ಕೆಲವರಿಗೆ ವರ್ಷ. ಚಿಪ್ಪಿನ ಮೇಲೆ ಚರ್ಮ ತೆಳುವಾಗಿರುವುದರಿಂದ ತಂತಿಯ ತುದಿ ಚುಚ್ಚಿದಂತಾಗಿ, ಮೂಳೆ ಕೂಡಿದ ಮೇಲೆ ಇನ್ನೊಂದು ಸಣ್ಣ ಆಪರೇಷನ್ನಿನಲ್ಲಿ ಅದನ್ನು ತೆಗೆಸಬೇಕಾಗಬಹುದು. ನನಗೂ ಒಂದೂವರೆ ವರ್ಷಕ್ಕೆ ತೆಗೆದರು. ಮುಂದೆ ವಯಸ್ಸಾದಾಗ ಆ ಮಂಡಿಯಲ್ಲಿ ಸವೆತ ಬರುವ ಸಾಧ್ಯತೆಯೂ ಉಂಟು. ಅದಕ್ಕೇ ತೊಡೆಯ ವ್ಯಾಯಾಮವನ್ನು ನಾನು ಇನ್ನೂ ಬಿಟ್ಟಿಲ್ಲ.

ಮನೆಯವರು ಗಮನಿಸಬೇಕಾದ ಕೆಲವು ಮಾತು. ಗಾಯದಿಂದ ಕೀವು, ಜ್ವರ, ಮೀನಖಂಡದಲ್ಲಿ ಹೊಸದಾಗಿ ಊತ ಮತ್ತು ನೋವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಫಕ್ಕನೆ ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯಬೇಡಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಮೊಟ್ಟೆ, ಹಾಲು, ಬೇಳೆ, ಸೊಪ್ಪು, ರಾಗಿ ಧಾರಾಳವಾಗಿ ಕೊಡಿ. ನಂಜು ಎಂದು ಬಿಡಿಸಬೇಡಿ. ಕಾಲು ನೇರ ಇರುವ ದಿನಗಳಲ್ಲಿ ನಮ್ಮ ಶೌಚಾಲಯದಲ್ಲಿ ಕೂರಲು ಆಗುವುದಿಲ್ಲ. ಅದಕ್ಕೆ ಹೆದರಿಯೇ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೂ ಊಟ ಮಾಡುವುದನ್ನೂ ಕಡಿಮೆ ಮಾಡುತ್ತಾರೆ. ಒಂದು ಕಮೋಡ್ ಕುರ್ಚಿ ತಂದರೆ ಆ ಕಷ್ಟ ತಪ್ಪುತ್ತದೆ. ಖರ್ಚಿನ ಬಗ್ಗೆ ಹೇಳುವುದಾದರೆ, ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಮೂಳೆಯ ಆಪರೇಷನ್ ಆದವರನ್ನು ಮನೆಗೆ ಕರೆತರುವ ದಿನ ಬಿಲ್ಲು, ಮಾತ್ರೆ, ಗಾಡಿ ಎಂದು ಓಡಾಡುವ ಗಡಿಬಿಡಿಯಲ್ಲಿ ಮೂರು ಪ್ರಶ್ನೆ ಕೇಳದೆ ಹೊರಡಬೇಡಿ. ಯಾವತ್ತಿನಿಂದ ಬಗ್ಗಿಸಬೇಕು? ಎಷ್ಟು ಡಿಗ್ರಿಯವರೆಗೆ? ದಿನಕ್ಕೆ ಎಷ್ಟು ಸಲ? ಉತ್ತರವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. "ರೆಸ್ಟ್ ಮಾಡಿ" ಎಂದಷ್ಟೇ ಹೇಳಿದರೆ, "ಎಷ್ಟು ದಿನ ರೆಸ್ಟ್? ಆಮೇಲೆ ಏನು?" ಎಂದು ಕೇಳಿ. ಕೇಳುವುದು ಅಗೌರವವಲ್ಲ. ಕೇಳಿದರೆ ಅವರೂ ನಿಂತು ಹೇಳುತ್ತಾರೆ.

ಮಕ್ಕಳೇ, ಇಷ್ಟೆಲ್ಲ ನೀವು ನೆನಪಿಟ್ಟುಕೊಳ್ಳಬೇಕಾದವರು. ಮನೆಯಲ್ಲಿ ಓದಲು ಬರುವವರು ನೀವು. ಅಜ್ಜಿಯ ಚೀಟಿಯನ್ನು ನೀವು ಓದಿ ಹೇಳಿ, ಎದುರಿಗೆ ಕೂತು ಎಣಿಸಿ. ಕೋನಮಾಪಕ ಪರೀಕ್ಷೆಗೆ ಮಾತ್ರ ಇರುವುದಲ್ಲ.

ಕೊನೆಯಲ್ಲಿ ಒಂದು ವಿಷಯ ತಿಳಿಸುತ್ತೇನೆ. ನಮ್ಮ 2005ರ ಬ್ಯಾಚಿನವರು ಸೇರಿ ಎರಡು ವಾಕರ್, ಎರಡು ಜೊತೆ ಊರುಗೋಲು, ಒಂದು ಕಮೋಡ್ ಕುರ್ಚಿ ತಂದು ಶಾಲೆಯ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೇವೆ. ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಯಾರಿಗೆ ಬೇಕಾದರೂ ಹೆಸರು ಬರೆಸಿ ಒಯ್ಯಬಹುದು. ಬಾಡಿಗೆ ಇಲ್ಲ, ಮುಂಗಡ ಇಲ್ಲ. ಕೆಲಸ ಮುಗಿದ ಮೇಲೆ ತೊಳೆದು ತಂದಿಟ್ಟರೆ ಸಾಕು. ಪುಸ್ತಕದ ಲೆಕ್ಕ ನೋಡಿಕೊಳ್ಳಲು ಒಬ್ಬರು ಒಪ್ಪಿಕೊಂಡಿದ್ದಾರೆ. ಅವರು ನಮ್ಮ ಅತ್ತೆ. ಅವರ ಹತ್ತಿರ ಸಾಮಾನು ಒಯ್ಯಲು ಹೋದವರಿಗೆ ಆ ಮೂರು ಪ್ರಶ್ನೆಯ ಉತ್ತರ ಗೊತ್ತಿರಬೇಕು. ಇಲ್ಲದಿದ್ದರೆ ವಾಕರ್ ಕೊಡುತ್ತಾರೆ, ಜೊತೆಗೆ ಆಸ್ಪತ್ರೆಗೆ ಫೋನ್ ಮಾಡಿಸಿಯೇ ಕಳಿಸುತ್ತಾರೆ.